ಹಂಚಿಕೊಂಡ ಸಿ ಲೈಬ್ರರಿಯ ವಾರ್ನಿಂಗ್ ಸರಿಮಾಡುವುದು: ಒಳಗಿನದು ನಮ್ಮದು, ಹೆಡರ್ ಎಲ್ಲರದ್ದು

ಹಳೇ ಸಿ ಲೈಬ್ರರಿಯನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿದರೆ ಪರದೆ ತುಂಬಾ ವಾರ್ನಿಂಗ್ ಉರುಳುತ್ತೆ. ಕೊನೆಗೆ ಹೇಗೋ ಲೈಬ್ರರಿ ತಯಾರಾಗುತ್ತೆ. ಹೆಚ್ಚಿನವರು ಪರದೆ ಕ್ಲಿಯರ್ ಮಾಡಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಒಂದು ಭಾನುವಾರ ಕೂತು, ವಾರ್ನಿಂಗ್ ಬಂದ ಕಡೆಯೆಲ್ಲ ಒಂದೊಂದು ಕಾಸ್ಟ್ (ಬೆಲೆಯ ಥರವನ್ನು ಬಲವಂತವಾಗಿ ಬದಲಿಸುವ ಗುರುತು) ಹಾಕಿ ಬಾಯಿ ಮುಚ್ಚಿಸುತ್ತಾರೆ. ನನ್ನ ಕೇಳಿದರೆ ಎರಡನೆಯವರೇ ಜಾಸ್ತಿ ಅಪಾಯ. ಮೊದಲನೆಯವರ ಕೋಡಿನಲ್ಲಿ ತಪ್ಪು ಎಲ್ಲಿದೆ ಅಂತ ಕಂಪೈಲರ್ ಇನ್ನೂ ಹೇಳುತ್ತಿರುತ್ತೆ, ಎರಡನೆಯವರ ಕೋಡಿನಲ್ಲಿ ಅದೂ ಇಲ್ಲ.

ಉದಾಹರಣೆಗೆ ಕೋಲಾರದಲ್ಲಿ ನಾವು ನಾಲ್ಕಾರು ಜನ ಹಂಚಿಕೊಂಡು ಬಳಸುವ ಒಂದು ಚಿಕ್ಕ ಲೈಬ್ರರಿ ತಗೊಳ್ಳೋಣ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಓದುವುದು, ರೈತರ ಹೆಸರು, ಊರು, ದುಡ್ಡಿನ ಲೆಕ್ಕ ಸೇರಿಸಿ ಚೀಟಿ ಮಾಡಿಕೊಡುವುದು, ಇಷ್ಟೇ ಅದರ ಕೆಲಸ. ಎಪಿಎಂಸಿಯ ಟೊಮೇಟೊ ಮಂಡಿಯೊಂದರಲ್ಲಿ ವಿಂಡೋಸ್ ಪಿಸಿ ಮೇಲೆ ಓಡುತ್ತೆ. ಮುಳಬಾಗಿಲು ಕಡೆ ಒಂದು ಹಾಲಿನ ಡೇರಿಯಲ್ಲಿ 32 ಬಿಟ್ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ 64 ಬಿಟ್ ಉಬುಂಟು. ಅಂದರೆ ಒಂದೇ ಕೋಡು, ಮೂರು ಥರದ ಮನೆ. ಬರೆದವರು ಒಬ್ಬರಲ್ಲ, ಕೈಯಾಡಿಸಿದವರು ಹಲವರು.

ಇಂಥ ಲೈಬ್ರರಿಯಲ್ಲಿ ಶುರುವಿಗೇ ಒಂದು ಗೆರೆ ಎಳೆದುಕೊಳ್ಳಬೇಕು. ‘.ಸಿ’ ಫೈಲಿನೊಳಗೆ ಏನು ಬೇಕಾದರೂ ಬದಲಿಸಿ, ಅದು ನಿಮ್ಮ ಮನೆ ಒಳಗಿನ ವಿಷಯ. ‘.ಎಚ್’ ಫೈಲ್, ಅಂದರೆ ಹೊರಗೆ ಕೊಟ್ಟಿರುವ ಹೆಡರ್, ನಿಮ್ಮೊಬ್ಬರದ್ದಲ್ಲ. ಅದನ್ನು ನಂಬಿ ಆಗಲೇ ಕಂಪೈಲ್ ಆದ ಪ್ರೋಗ್ರಾಂಗಳು ಮಂಡಿಯಲ್ಲಿ, ಡೇರಿಯಲ್ಲಿ ಕೂತಿವೆ. ಅವುಗಳನ್ನು ಮತ್ತೆ ಕಂಪೈಲ್ ಮಾಡದೆ ಬರೀ ಲೈಬ್ರರಿ ಬದಲಿಸಿದರೆ, ಹೆಡರಿನಲ್ಲಿ ನೀವು ಸರಿಮಾಡಿದ ಒಂದು ವಾರ್ನಿಂಗೇ ಅವರ ಚೀಟಿಯನ್ನು ಕೆಡಿಸಬಹುದು. ಹಾಗಾಗಿ ಒಳಗಿನದ್ದು ಮೊದಲು, ಹೆಡರ್ ಕೊನೆಗೆ.

ಇನ್ನೊಂದು ಮಾತು. ಇಲ್ಲಿ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು ಅಂತ ಹೇಳಬೇಕಿಲ್ಲ ಅಲ್ವಾ. ‘ಡಬ್ಲ್ಯೂ-ಆಲ್’ ಅಂತ ಬರೆದ ಕಡೆ ಮುಂದೊಂದು ಡ್ಯಾಶ್, ದೊಡ್ಡಕ್ಷರದ ಡಬ್ಲ್ಯೂ, ನಡುವೆ ಜಾಗ ಬಿಡದೆ ಆಲ್. ಕಂಪೈಲರಿಗೆ ಕೊಡುವ ಉಳಿದ ಫ್ಲ್ಯಾಗುಗಳೂ ಹಾಗೇ.

ಮೊದಲು ಲೆಕ್ಕ ಹಾಕಿ

ಏನೂ ಮುಟ್ಟುವ ಮುಂಚೆ ಈಗಿರುವ ‘.ಎಸ್‌ಓ’ ಫೈಲಿನ (ಕಂಪೈಲ್ ಆದ ಲೈಬ್ರರಿ) ಒಂದು ಪ್ರತಿಯನ್ನು ಡಿಬಗ್ ಮಾಹಿತಿ ಸಮೇತ, ಅಂದರೆ ಡ್ಯಾಶ್ ಜಿ ಹಾಕಿ ಕಂಪೈಲ್ ಮಾಡಿ ಬೇರೆ ಕಡೆ ಎತ್ತಿಡಿ. ಕೊನೆಯಲ್ಲಿ ಹೋಲಿಸಲು ಬೇಕು. ಜೊತೆಗೆ ಒಂದಿಷ್ಟು ನಿಜವಾದ ಇನ್‌ಪುಟ್ ಕೊಟ್ಟು ಬಂದ ಚೀಟಿಗಳನ್ನೂ ಹಾಗೇ ಉಳಿಸಿಕೊಳ್ಳಿ.

ಈಗ ಎಲ್ಲವನ್ನೂ ಕ್ಲೀನ್ ಮಾಡಿ ಮೊದಲಿಂದ ಕಂಪೈಲ್ ಮಾಡಿ: ‘ಡಬ್ಲ್ಯೂ-ಆಲ್’, ‘ಡಬ್ಲ್ಯೂ-ಎಕ್ಸ್‌ಟ್ರಾ’, ಜೊತೆಗೆ ಕೋಡನ್ನು ಚುರುಕು ಮಾಡುವ ಆಪ್ಟಿಮೈಸರ್ ಓಡಿಸುವ ‘ಓ2’. ಹೆಸರು ಆಲ್ ಅಂತಿದ್ದರೂ ಅದರಲ್ಲಿ ಎಲ್ಲ ಇಲ್ಲ. ಸೈನ್ ಇರುವ (ಮೈನಸ್ ಆಗಬಲ್ಲ), ಇಲ್ಲದ ಸಂಖ್ಯೆಗಳ ಹೋಲಿಕೆಯ ವಾರ್ನಿಂಗ್ ಸಿ ಭಾಷೆಗೆ ಎಕ್ಸ್‌ಟ್ರಾದಲ್ಲಿ ಬರುತ್ತೆ. ‘ಡಬ್ಲ್ಯೂ-ಕನ್ವರ್ಷನ್’ ಎರಡರಲ್ಲೂ ಇಲ್ಲ, ಬೇರೆಯಾಗಿ ಕೇಳಬೇಕು. ಓ2 ಯಾಕೆ ಅಂದರೆ, ವೇರಿಯಬಲ್ಲಿಗೆ ಬೆಲೆ ಹಾಕದೆ ಬಳಸಿರಬಹುದು ಅನ್ನುವಂಥ ವಾರ್ನಿಂಗುಗಳು ಆಪ್ಟಿಮೈಸರ್ ಓಡಿದರೆ ಮಾತ್ರ ಸರಿಯಾಗಿ ಕಾಣಿಸುತ್ತವೆ. ಆಪ್ಟಿಮೈಸರ್ ಇಲ್ಲದ ಓ0ನಲ್ಲಿ ಕಂಪೈಲ್ ಮಾಡಿ ‘ನಮ್ದು ಕ್ಲೀನ್’ ಅಂತ ಖುಷಿಪಡುವವರು ಬೇಕಾದಷ್ಟು ಜನ ಇದ್ದಾರೆ. ಸಾಧ್ಯವಾದರೆ ಜಿಸಿಸಿ ಮತ್ತು ಕ್ಲ್ಯಾಂಗ್ ಎರಡೂ ಕಂಪೈಲರುಗಳಲ್ಲಿ ಕಂಪೈಲ್ ಮಾಡಿ. ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತೆ.

ಬಂದದ್ದನ್ನೆಲ್ಲ ಒಂದು ಫೈಲಿಗೆ ಹಾಕಿಕೊಳ್ಳಿ. ಪ್ರತಿ ವಾರ್ನಿಂಗಿನ ಸಾಲಿನ ಕೊನೆಗೆ ಚೌಕ ಕಂಸದೊಳಗೆ ಅದರ ಹೆಸರು ಇರುತ್ತೆ. ಗ್ರೆಪ್‌ನಲ್ಲಿ ಅದನ್ನಷ್ಟೇ ಎತ್ತಿ, ಸಾರ್ಟ್ ಮಾಡಿ, ಯೂನಿಕ್ ಡ್ಯಾಶ್ ಸಿ ಕೊಟ್ಟು ಎಣಿಸಿ. ಆಗ ಗೊತ್ತಾಗುತ್ತೆ: ನೂರಾರು ಸಾಲು ಕಂಡರೂ ಥರ ಏಳೆಂಟೇ. ಅರ್ಧಕ್ಕಿಂತ ಜಾಸ್ತಿ ಒಂದೇ ಹೆಡರಿನ ಒಂದೇ ಸಾಲಿನಿಂದ ಬಂದಿರುವುದೂ ಉಂಟು, ಅದನ್ನು ಸೇರಿಸಿಕೊಂಡ ಪ್ರತಿ ಫೈಲೂ ಅದನ್ನೇ ಮತ್ತೆ ಮತ್ತೆ ಹೇಳುತ್ತೆ.

ವಾರ್ನಿಂಗನ್ನೆಲ್ಲ ಎರರ್ ಮಾಡುವ ‘ಡಬ್ಲ್ಯೂ-ಎರರ್’ ನಿಮ್ಮ ಮೆಷೀನಿನಲ್ಲಿ ಇರಲಿ, ಬೇರೆಯವರಿಗೆ ಕೊಡುವ ಮೇಕ್‌ಫೈಲಿನಲ್ಲಿ (ಬಿಲ್ಡ್ ಹೇಗೆ ಮಾಡಬೇಕು ಅಂತ ಬರೆದಿಟ್ಟ ಫೈಲ್) ಬೇಡ. ನಾಳೆ ಕಂಪೈಲರ್ ಹೊಸ ವಾರ್ನಿಂಗ್ ಕಲಿತರೆ, ನಿಮ್ಮ ಕೋಡಿನಲ್ಲಿ ಒಂದಕ್ಷರ ಬದಲಾಗದೆ ಇದ್ದರೂ ಡೇರಿಯವನ ಬಿಲ್ಡ್ ನಿಂತುಹೋಗುತ್ತೆ. ಬೈಗುಳ ಮಾತ್ರ ನಿಮಗೇ ಬರುತ್ತೆ.

ಘೋಷಣೆ ಇಲ್ಲದ ಫಂಕ್ಷನ್ ಮೊದಲು ಹೋಗಲಿ

‘ಇಂಪ್ಲಿಸಿಟ್ ಫಂಕ್ಷನ್ ಡಿಕ್ಲರೇಷನ್’ ಅಂತ ಒಂದೇ ಒಂದು ಇದ್ದರೂ ಮಿಕ್ಕದ್ದು ಬಿಟ್ಟು ಅದನ್ನು ಹಿಡಿಯಿರಿ. ಹೆಡರ್ ಸೇರಿಸದೆ ಫಂಕ್ಷನ್ ಕರೆದಿದ್ದೀರಿ, ಹಳೇ ಸಿ ನಿಯಮದಂತೆ ಕಂಪೈಲರ್ ಅದು ಇಂಟ್ ಕೊಡುತ್ತೆ ಅಂತ ಊಹಿಸಿಕೊಂಡಿದೆ. ಆ ಫಂಕ್ಷನ್ ಸ್ಟ್ರಿಂಗ್ ನಕಲು ಮಾಡುವ ‘ಸ್ಟ್ರ್‌ಡಪ್’ ಆಗಿದ್ದರೆ? ಅದು ಕೊಡುವುದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. 32 ಬಿಟ್ ಪೈ ಮೇಲೆ ಇಂಟೂ ನಾಲ್ಕು ಬೈಟ್, ಪಾಯಿಂಟರೂ ನಾಲ್ಕು ಬೈಟ್, ಹಾಗಾಗಿ ನಡೆದುಹೋಗುತ್ತೆ. 64 ಬಿಟ್ ಲ್ಯಾಪ್‌ಟಾಪಿನಲ್ಲಿ ಪಾಯಿಂಟರಿನ ಮೇಲರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಬೀಳುತ್ತೆ.

‘ನಾನು ಹೆಡರ್ ಸೇರಿಸಿದ್ದೀನಲ್ಲ’ ಅನ್ನುತ್ತೀರಾ? ಮೇಕ್‌ಫೈಲಿನಲ್ಲಿ ‘ಎಸ್‌ಟಿಡಿ=ಸಿ11’ ಅಂತ ಇದೆಯಾ ನೋಡಿ. ಅದಿದ್ದರೆ ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ಕಟ್ಟುನಿಟ್ಟಾಗುತ್ತೆ, ಸಿ11ರಲ್ಲಿ ಇಲ್ಲದ ಸ್ಟ್ರ್‌ಡಪ್‌ನಂಥವನ್ನು ಬಚ್ಚಿಡುತ್ತೆ. ಫೈಲಿನ ಮೊಟ್ಟಮೊದಲ ಸಾಲಿನಲ್ಲಿ, ಯಾವ ಇನ್‌ಕ್ಲೂಡಿಗೂ ಮುಂಚೆ, ‘_ಪೋಸಿಕ್ಸ್_ಸಿ_ಸೋರ್ಸ್’ ಅನ್ನುವುದನ್ನು 200809ಎಲ್ ಅಂತ ಡಿಫೈನ್ ಮಾಡಿ. ಇನ್‌ಕ್ಲೂಡ್ ಆದಮೇಲೆ ಹಾಕಿದರೆ ಹಾಕದಂತೆಯೇ.

ಇದನ್ನು ಮುಂದೂಡುವ ಹಾಗೂ ಇಲ್ಲ. ಕ್ಲ್ಯಾಂಗ್ 2023ರ 16ನೇ ಆವೃತ್ತಿಯಿಂದ ಇದನ್ನು ಎರರ್ ಮಾಡಿದೆ. ಜಿಸಿಸಿ 2024ರ 14ನೇ ಆವೃತ್ತಿಯಿಂದ ಇದರ ಜೊತೆಗೆ ಹೊಂದದ ಪಾಯಿಂಟರುಗಳನ್ನು ಸೇರಿಸುವುದು, ಇಂಟ್ ಮತ್ತು ಪಾಯಿಂಟರ್ ನಡುವೆ ಸುಮ್ನೆ ಬದಲಾಯಿಸುವುದು, ಇವನ್ನೂ ಎರರ್ ಮಾಡಿದೆ. 2025ರಲ್ಲಿ ಬಂದ ಜಿಸಿಸಿ 15 ಏನೂ ಹೇಳದಿದ್ದರೆ ಸಿ23 ಅಂತಲೇ ಹಿಡಿಯುತ್ತೆ. ಅದರಲ್ಲಿ ಖಾಲಿ ಕಂಸ ಅಂದರೆ ‘ಏನು ಬೇಕಾದರೂ ಕೊಡಬಹುದು’ ಅಂತಲ್ಲ, ‘ಏನೂ ತಗೊಳ್ಳುವುದಿಲ್ಲ’ ಅಂತ. ಕಾಲ್‌ಬ್ಯಾಕುಗಳನ್ನು ಖಾಲಿ ಕಂಸದಲ್ಲಿ ಬರೆದಿಟ್ಟ ಹಳೇ ಕೋಡೆಲ್ಲ ಇಲ್ಲಿ ಸಿಕ್ಕಿಬೀಳುತ್ತೆ. ‘ಬೂಲ್’ ಅಂತ ನೀವೇ ಟೈಪ್‌ಡೆಫ್ ಮಾಡಿಕೊಂಡಿದ್ದರೆ ಅದೂ ಒಡೆಯುತ್ತೆ, ಈಗ ಅದು ಭಾಷೆಯದ್ದೇ ಪದ.

ಹೆಡರಿನಲ್ಲಿ ‘ಎಕ್ಸ್‌ಟರ್ನ್’ ಇಲ್ಲದೆ ಗ್ಲೋಬಲ್ ವೇರಿಯಬಲ್ ಇಟ್ಟಿದ್ದರೆ 2020ರ ಜಿಸಿಸಿ 10ರಿಂದ ಲಿಂಕ್ ಆಗುವುದಿಲ್ಲ. ಹೆಡರಿನಲ್ಲಿ ಎಕ್ಸ್‌ಟರ್ನ್, ಒಂದು ‘.ಸಿ’ ಫೈಲಿನಲ್ಲಿ ಮಾತ್ರ ನಿಜವಾದದ್ದು. ಐದು ನಿಮಿಷದ ಕೆಲಸ.

ಚಾರ್: ಕನ್ನಡದವರಿಗೆ ಜಾಸ್ತಿ ಕಾಡುವುದು ಇದೇ

ಸಿ ಭಾಷೆಯಲ್ಲಿ ಬರೀ ‘ಚಾರ್’ ಅಂದರೆ ಸೈನ್ ಇದೆಯೋ ಇಲ್ಲವೋ ಅಂತ ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಇಂಟೆಲ್ ಪಿಸಿಯಲ್ಲಿ ಸೈನ್ ಇರುತ್ತೆ: ಮೈನಸ್ 128ರಿಂದ 127. ಲಿನಕ್ಸ್ ಓಡುವ ಆರ್ಮ್‌ನಲ್ಲಿ, ಅಂದರೆ ನಮ್ಮ ಪೈ ಮೇಲೆ, ಇರುವುದಿಲ್ಲ: 0ಯಿಂದ 255. ಬರೀ ಇಂಗ್ಲಿಷ್ ಹೆಸರು ಹಾಕುವ ತನಕ ವ್ಯತ್ಯಾಸವೇ ಕಾಣದು, ಯಾಕೆಂದರೆ ಆ ಅಕ್ಷರಗಳೆಲ್ಲ 127ರ ಒಳಗೇ. ಕನ್ನಡ ಬಂತೋ, ಆಟ ಶುರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಅಕ್ಷರ, ಕಾಗುಣಿತದ ಗುರುತು ಒಂದೊಂದಕ್ಕೂ) ಮೂರು ಬೈಟ್, ಮೊದಲ ಬೈಟ್ ಯಾವಾಗಲೂ ಹೆಕ್ಸ್ ಇ0. ಪೈ ಮೇಲೆ ಅದು 224. ಪಿಸಿ ಮೇಲೆ ಅದೇ ಮೈನಸ್ 32.

ಈಗ ಹೆಸರಿನ ಕೊನೆಯ ಜಾಗ ತೆಗೆಯಲು ‘ಇಸ್‌ಸ್ಪೇಸ್’ಗೆ ಈ ಚಾರನ್ನು ನೇರ ಕೊಟ್ಟರೆ? ಆ ಫಂಕ್ಷನಿಗೆ ಕೊಡಬಹುದಾದದ್ದು ಅನ್‌ಸೈನ್ಡ್ ಚಾರಿನ ಬೆಲೆ ಅಥವಾ ಫೈಲ್ ಮುಗಿಯಿತು ಅನ್ನುವ ಇಓಎಫ್, ಅಷ್ಟೇ. ಮೈನಸ್ 32 ಕೊಟ್ಟರೆ ಏನಾದರೂ ಆಗಬಹುದು. ಜಿಲಿಬ್‌ಸಿ ತನ್ನ ಟೇಬಲನ್ನು ಮೈನಸ್ 128ರಿಂದಲೇ ಇಟ್ಟುಕೊಂಡಿರುವುದರಿಂದ ಲಿನಕ್ಸ್‌ನಲ್ಲಿ ಬೀಳುವುದಿಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಡಿಬಗ್ ರನ್‌ಟೈಮ್ ಅಲ್ಲೇ ಅಸರ್ಟ್ ಹಾಕಿ ನಿಲ್ಲಿಸುತ್ತೆ. ಪರಿಹಾರ: ‘ಇಸ್‌ಸ್ಪೇಸ್((ಅನ್‌ಸೈನ್ಡ್ ಚಾರ್)ಸಿ)’. ಕಾಸ್ಟ್ ಹಾಕಬೇಡಿ ಅಂತ ಮೇಲೆ ಹೇಳಿದೆ, ಇಲ್ಲಿ ಮಾತ್ರ ಹಾಕಲೇಬೇಕು. ‘(ಇಂಟ್)ಸಿ’ ಅಂತ ಹಾಕಿದರೆ ಪ್ರಯೋಜನ ಇಲ್ಲ, ಮೈನಸ್ 32 ಮೈನಸ್ 32 ಆಗೇ ಇರುತ್ತೆ.

ಇದರ ಇನ್ನೊಂದು ಮುಖ: ‘ಗೆಟ್‌ಚಾರ್’ ಕೊಟ್ಟದ್ದನ್ನು ಚಾರ್‌ನಲ್ಲಿ ಹಿಡಿದು ಇಓಎಫ್ ಜೊತೆ ಹೋಲಿಸುವುದು. ಇಓಎಫ್ ಸಾಮಾನ್ಯವಾಗಿ ಮೈನಸ್ 1. ಪೈ ಮೇಲೆ ಚಾರ್ ಯಾವತ್ತೂ ಮೈನಸ್ ಆಗುವುದಿಲ್ಲ, ಲೂಪ್ ಮುಗಿಯುವುದೇ ಇಲ್ಲ. ಪಿಸಿಯಲ್ಲಿ ಮುಗಿಯುತ್ತೆ, ಹಾಗಾಗಿ ‘ನನ್ನ ಲ್ಯಾಪ್‌ಟಾಪಲ್ಲಿ ಸರಿ ಇದೆಯಲ್ಲಾ’ ಅನ್ನುವ ಜಗಳ. ಇಂಟ್‌ನಲ್ಲಿ ಹಿಡಿಯಿರಿ, ಮುಗೀತು. ಪೈ ಇಲ್ಲದೆಯೇ ಇದನ್ನು ನೋಡಬೇಕಾದರೆ ಪಿಸಿಯಲ್ಲಿ ‘ಎಫ್-ಅನ್‌ಸೈನ್ಡ್-ಚಾರ್’ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿ. ಎಕ್ಸ್‌ಟ್ರಾ ಕೂಡ ಇದ್ದರೆ ‘ಈ ಹೋಲಿಕೆ ಯಾವಾಗಲೂ ನಿಜ’ ಅಂತ ಜಿಸಿಸಿಯೇ ಹೇಳಿಬಿಡುತ್ತೆ.

ಇನ್ನು ಬಫರ್. ಊರಿನ ಹೆಸರಿಗೆ 32 ಬೈಟ್ ಇಟ್ಟಿದ್ದಾರೆ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಇದು ಧಾರಾಳ. ಕನ್ನಡದಲ್ಲಿ ಎಣಿಸಿ. ‘ಕೋಲಾರ’ ಅಂದರೆ ಕ, ಓತ್ವ, ಲ, ದೀರ್ಘ, ರ: ಐದು ಕೋಡ್‌ಪಾಯಿಂಟ್, 15 ಬೈಟ್. ‘ತುಮಕೂರು’ 21. ‘ಬಂಗಾರಪೇಟೆ’ 27. ಇಲ್ಲಿ ತನಕ ಯಾರಿಗೂ ಏನೂ ಕಾಣಲ್ಲ. ‘ಗೌರಿಬಿದನೂರು’ 33, ‘ಚಿಕ್ಕಬಳ್ಳಾಪುರ’ 39. ಕೊನೆಗೆ ಒಂದು ಸೊನ್ನೆ ಬೈಟ್ ಬೇರೆ ಬೇಕು. ಮಂಡಿಯ ಗುಮಾಸ್ತರು ಫೋನ್ ಮಾಡಿ ‘ಸಾರ್, ಚಿಕ್ಕಬಳ್ಳಾಪುರದ ಪಾರ್ಟಿ ಬಂದ್ರೆ ಮಾತ್ರ ಚೀಟಿ ಹಾಳಾಗ್ತದೆ, ನಮ್ಮೂರವರಿಗೆಲ್ಲ ಸರಿಯಾಗೇ ಬರ್ತದೆ’ ಅಂದರೆ ನಗಬೇಡಿ. ಆ ಮಾತಿನಲ್ಲಿ ದೋಷದ ಪೂರಾ ವಿವರ ಇದೆ.

‘ಸ್ಟ್ರ್‌ಎನ್‌ಕಾಪಿ’ಗೆ 32 ಅಂತ ಕೊಟ್ಟಿದ್ದರೆ 32 ಬೈಟ್ ನಕಲಾಗುತ್ತೆ, ಕೊನೆಯ ಸೊನ್ನೆ ಇರುವುದೇ ಇಲ್ಲ, ಪ್ರಿಂಟ್ ಮಾಡುವಾಗ ಪಕ್ಕದ ಮೆಮೊರಿಯನ್ನೂ ಓದಿಕೊಂಡು ಹೋಗುತ್ತೆ. ಜಿಸಿಸಿ ಕೆಲವು ಸಲ ‘ಸ್ಟ್ರಿಂಗಾಪ್ ಟ್ರಂಕೇಷನ್’ ಅಂತ ಎಚ್ಚರಿಸುವುದು ಇದಕ್ಕೇ. ಅದನ್ನು 31 ಮಾಡಿ ಕೊನೆಗೆ ಸೊನ್ನೆ ಹಾಕಿದರೆ ವಾರ್ನಿಂಗ್ ಹೋಗುತ್ತೆ. ಚೀಟಿ? ‘ಚಿಕ್ಕಬಳ್ಳಾ’ ತನಕ ಸರಿಯಾಗಿ ಹತ್ತು ಕೋಡ್‌ಪಾಯಿಂಟ್, 30 ಬೈಟ್. 31ನೇ ಬೈಟ್ ಅಂದರೆ ‘ಪು’ವಿನ ಮೊದಲ ಬೈಟ್, ಒಂಟಿ ಇ0. ಪ್ರಿಂಟರಿನಲ್ಲಿ ಅದು ಚೌಕವೋ ಪ್ರಶ್ನೆಚಿಹ್ನೆಯೋ ಆಗಿ ಬರುತ್ತೆ. ಹಾಗಾಗಿ ಕತ್ತರಿಸಲೇಬೇಕಾದರೆ ಕತ್ತರಿಸುವ ಜಾಗದ ಬೈಟ್ ನೋಡಿ. ಅದನ್ನು ಹೆಕ್ಸ್ ಸಿ0 ಜೊತೆ ಆಂಡ್ ಮಾಡಿದಾಗ ಹೆಕ್ಸ್ 80 ಬಂದರೆ ನೀವು ಒಂದು ಕೋಡ್‌ಪಾಯಿಂಟಿನ ಹೊಟ್ಟೆಯಲ್ಲಿದ್ದೀರಿ, ಒಂದೊಂದೇ ಬೈಟ್ ಹಿಂದೆ ಬನ್ನಿ. ಹಾಗೆ ಮಾಡಿದರೂ ಒತ್ತಕ್ಷರದ ನಡುವೆ ಕಡಿದರೆ ‘ಚಿಕ್ಕ’ ಹೋಗಿ ‘ಚಿಕ್’ ಆಗುತ್ತೆ. ಬೈಟ್ ಸರಿ, ಅಕ್ಷರ ಅಲ್ಲ. ನಿಜವಾದ ಪರಿಹಾರ ಬಫರ್ ದೊಡ್ಡದು ಮಾಡುವುದೇ. ಆದರೆ ಆ 32 ಇರುವುದು ಹೆಡರಿನ ಸ್ಟ್ರಕ್ಟಿನಲ್ಲಿ, ಅಂದರೆ ಹಲವು ಫೀಲ್ಡ್ ಒಟ್ಟಿಗೆ ಕಟ್ಟಿಟ್ಟ ನಮೂನೆಯಲ್ಲಿ. ಅದಕ್ಕೆ ಆಮೇಲೆ ಬರೋಣ.

ಅಳತೆ ಬದಲಾಗುವ ಲಾಂಗ್

‘ಲಾಂಗ್’ 64 ಬಿಟ್ ಲಿನಕ್ಸ್‌ನಲ್ಲಿ ಎಂಟು ಬೈಟ್. 64 ಬಿಟ್ ವಿಂಡೋಸ್‌ನಲ್ಲಿ ನಾಲ್ಕೇ. 32 ಬಿಟ್ ಪೈ ಮೇಲೂ ನಾಲ್ಕು. ದುಡ್ಡನ್ನು ಪೈಸೆಯಲ್ಲಿ ಲಾಂಗ್ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ ಅಂತ ಬಹಳ ಜನ ಮಾಡಿರುತ್ತಾರೆ. ನಾಲ್ಕು ಬೈಟಿನಲ್ಲಿ ಹಿಡಿಯುವುದು 2,14,74,83,647 ಪೈಸೆ, ಅಂದರೆ ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ರೂಪಾಯಿ. ಒಂದು ದಿನದ ಚೀಟಿಗೆ ಸಾಕು. ಟೊಮೇಟೊ ರೇಟು ಏರಿದ ವರ್ಷ, ದೊಡ್ಡ ಮಂಡಿಯ ಸೀಸನ್ ಪೂರ್ತಿ ಮೊತ್ತಕ್ಕೆ? ಸಾಲದೇ ಹೋಗಬಹುದು. ಲ್ಯಾಪ್‌ಟಾಪಿನಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಕಾಣದು, ಅಲ್ಲಿ ಎಂಟು ಬೈಟ್ ಇದೆ. ‘ಇಂಟ್64_ಟಿ’ ಬಳಸಿ.

ಬಳಸಿದ ಮೇಲೆ ಪ್ರಿಂಟ್‌ಎಫ್ ನೋಡಿ. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್64_ಟಿಗೆ ‘%ಎಲ್‌ಡಿ’ ಹಾಕಿದರೆ ಜಿಸಿಸಿ ಸುಮ್ಮನಿರುತ್ತೆ, ಯಾಕೆಂದರೆ ಅಲ್ಲಿ ಅದು ಲಾಂಗೇ. ಅದೇ ಸಾಲು ಪೈ ಮೇಲೆ ವಾರ್ನಿಂಗ್ ಕೊಡುತ್ತೆ, ಅಲ್ಲಿ ಅದು ಲಾಂಗ್ ಲಾಂಗ್. ‘%ಎಲ್‌ಎಲ್‌ಡಿ’ ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಬೈಯುತ್ತೆ. ಎರಡೂ ಕಡೆ ಸರಿಯಾಗುವುದು ಇಂಟ್‌ಟೈಪ್ಸ್ ಹೆಡರಿನ ‘ಪಿಆರ್‌ಐಡಿ64’. ನೋಡಲು ಚೆನ್ನಾಗಿಲ್ಲ, ಒಪ್ಪಿದೆ. ಅಳತೆಗೆ ಬಳಸುವ, ಮೈನಸ್ ಆಗದ ಸೈಜ್_ಟಿಗೆ ‘%ಝಡ್‌ಯು’. ಹಳೇ ಎಂಎಸ್‌ವಿಸಿಆರ್‌ಟಿ ರನ್‌ಟೈಮಿಗೆ ಅದು ಗೊತ್ತಿಲ್ಲ, ವಿಂಡೋಸ್ ಬಿಲ್ಡ್ ಹೊಸ ಯುಸಿಆರ್‌ಟಿ ಮೇಲೆ ಇರಲಿ.

ಸೈನ್ ಹೋಲಿಕೆಯ ವಾರ್ನಿಂಗ್ ಬಂದ ಕಡೆ ಕೈ ತಾನಾಗಿ ‘(ಇಂಟ್)ಸ್ಟ್ರ್‌ಲೆನ್(ಎಸ್)’ ಅಂತ ಬರೆಯಲು ಹೋಗುತ್ತೆ. ತಡೆಯಿರಿ. ಲೂಪಿನ ಐ ಯಾವತ್ತೂ ಮೈನಸ್ ಆಗಬೇಕಿಲ್ಲ ಅಂದರೆ ಐಯನ್ನೇ ಸೈಜ್_ಟಿ ಮಾಡಿ. ಆದರೆ ಕೊನೆಯಿಂದ ಶುರುವಿನ ಕಡೆ ಬರುವ ಲೂಪಾದರೆ ಜೋಪಾನ: ‘ಐ >= 0’ ಅನ್ನುವುದು ಸೈಜ್_ಟಿಗೆ ಯಾವಾಗಲೂ ನಿಜ, ಸೊನ್ನೆಯಿಂದ ಒಂದು ಕಳೆದರೆ ಅದು ದೈತ್ಯ ಸಂಖ್ಯೆಯಾಗುತ್ತೆ. ಅಂಥ ಕಡೆ ‘ವೈಲ್ (ಐ-- > 0)’ ಅಂತ ಬರೆದರೆ ಖಾಲಿ ಸ್ಟ್ರಿಂಗಿಗೂ ಸರಿಹೋಗುತ್ತೆ. ಹಾಗೇ ‘ಲೆನ್ - 1’ ಅಂತ ಕಂಡ ಕಡೆಯೆಲ್ಲ ನಿಂತು, ಲೆನ್ ಸೊನ್ನೆ ಆಗಬಹುದಾ ಅಂತ ಕೇಳಿಕೊಳ್ಳಿ. ತಕ್ಕಡಿಯಿಂದ ಖಾಲಿ ಸಾಲು ಬರುವುದು ಅಪರೂಪವೇನಲ್ಲ, ಕೇಬಲ್ ಸಡಿಲವಾದರೆ ಸಾಕು.

32 ಬಿಟ್‌ನಲ್ಲಿ ಸಮಯ ಇಟ್ಟುಕೊಳ್ಳುವ ಟೈಮ್_ಟಿ ಕೂಡ ನಾಲ್ಕು ಬೈಟ್ ಇದ್ದರೆ 2038ರ ಜನವರಿ 19ಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತೆ. ಡೇರಿಯಲ್ಲಿ ಒಮ್ಮೆ ಕೂರಿಸಿದ ಪೆಟ್ಟಿಗೆಯನ್ನು ಕೆಡುವ ತನಕ ಯಾರೂ ಬದಲಿಸಲ್ಲ, ಆದ್ದರಿಂದ ದೂರದ ಮಾತು ಅಂತ ಬಿಡಬೇಡಿ. ಜಿಲಿಬ್‌ಸಿ 2.34ರಿಂದ ‘_ಟೈಮ್_ಬಿಟ್ಸ್=64’ ಮತ್ತು ‘_ಫೈಲ್_ಆಫ್‌ಸೆಟ್_ಬಿಟ್ಸ್=64’ ಎರಡನ್ನೂ ಕೊಟ್ಟರೆ ಎಂಟು ಬೈಟ್ ಆಗುತ್ತೆ. ಡೆಬಿಯನ್ 13ರಲ್ಲಿ 32 ಬಿಟ್ ಆರ್ಮ್ ಪೂರ್ತಿ ಇದಕ್ಕೆ ಬದಲಾಗಿದೆ. ಆದರೆ ನಿಮ್ಮ ಹೊರಗಿನ ಸ್ಟ್ರಕ್ಟಿನಲ್ಲಿ ಟೈಮ್_ಟಿ ಇದ್ದರೆ, ಬರೀ ಈ ಫ್ಲ್ಯಾಗಿನಿಂದಲೇ ಸ್ಟ್ರಕ್ಟಿನ ಅಳತೆ ಬದಲಾಗುತ್ತೆ. ಲೈಬ್ರರಿ ಒಂದು ಅಳತೆ, ಪ್ರೋಗ್ರಾಂ ಇನ್ನೊಂದು ಅಳತೆ ಹಿಡಿದರೆ ಕಥೆ ಮುಗೀತು.

ತಕ್ಕಡಿಯಿಂದ ಬರುವ ಬೈಟುಗಳು

ಬಫರಿಗೆ ಬಂದ ನಾಲ್ಕು ಬೈಟನ್ನು ‘*(ಯುಇಂಟ್32_ಟಿ *)ಪಿ’ ಅಂತ ಓದುವ ಸಾಲು ನಿಮ್ಮ ಲೈಬ್ರರಿಯಲ್ಲೂ ಇರುತ್ತೆ, ಹುಡುಕಿ. ಅದರಲ್ಲಿ ಮೂರು ತೊಂದರೆ ಒಟ್ಟಿಗೆ ಕೂತಿವೆ. ವಿಳಾಸ ನಾಲ್ಕರಿಂದ ಭಾಗವಾಗದಿದ್ದರೆ ಇಂಟೆಲ್ ಸಹಿಸಿಕೊಳ್ಳುತ್ತೆ, ಕೆಲವು ಆರ್ಮ್ ಚಿಪ್ ಸಹಿಸಲ್ಲ. ಬೇರೆ ಥರದ ಪಾಯಿಂಟರಿನಿಂದ ಓದಿದ್ದರಿಂದ ಓ2ನಲ್ಲಿ ಕಂಪೈಲರ್ ತನಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದು. ಮೂರನೆಯದು ಬೈಟುಗಳ ಕ್ರಮ: ತಕ್ಕಡಿ ದೊಡ್ಡ ಬೈಟ್ ಮೊದಲು ಕಳಿಸಿದರೆ ಪಿಸಿ ತಲೆಕೆಳಗೆ ಓದುತ್ತೆ. ಮೂರಕ್ಕೂ ಮದ್ದು ಒಂದೇ, ಒಂದೊಂದು ಬೈಟನ್ನೂ ಯುಇಂಟ್32_ಟಿ ಮಾಡಿ 24, 16, 8 ಅಂತ ಶಿಫ್ಟ್ ಮಾಡಿ ಸೇರಿಸುವುದು. ಶಿಫ್ಟಿಗೆ ಮುಂಚೆಯೇ ಯುಇಂಟ್32_ಟಿ ಮಾಡಬೇಕು, ಇಲ್ಲದಿದ್ದರೆ ಅದು ಸೈನ್ ಇರುವ ಇಂಟ್ ಆಗಿ 24ರ ಶಿಫ್ಟಿನಲ್ಲಿ ಎಡವುತ್ತೆ. ಕಂಪೈಲರಿಗೆ ಈ ನಾಲ್ಕು ಸಾಲು ಗುರುತು ಸಿಗುತ್ತೆ, ಹೆಚ್ಚಾಗಿ ಒಂದೆರಡೇ ಇನ್‌ಸ್ಟ್ರಕ್ಷನ್ ಮಾಡಿಬಿಡುತ್ತೆ, ನಿಧಾನ ಆಗುತ್ತೇನೋ ಅನ್ನುವ ಚಿಂತೆ ಬೇಡ. ಇಂಥ ಕಾಸ್ಟುಗಳನ್ನು ಪಿಸಿಯಲ್ಲಿ ಹುಡುಕಬೇಕಾದರೆ ‘ಡಬ್ಲ್ಯೂ-ಕಾಸ್ಟ್-ಅಲೈನ್=ಸ್ಟ್ರಿಕ್ಟ್’ ಹಾಕಿ. ಸ್ಟ್ರಿಕ್ಟ್ ಇಲ್ಲದೆ ಇಂಟೆಲ್ ಮೇಲೆ ಅದು ಏನೂ ಹೇಳಲ್ಲ.

ಸ್ಟ್ರಕ್ಟನ್ನು ಇಡಿಯಾಗಿ ‘ಎಫ್‌ರೈಟ್’ ಮಾಡಿ ಫೈಲಿಗೆ ಬರೆಯುವುದೂ ಇದೇ ಜಾತಿಯ ರೋಗ. ಒಂದು ಇಂಟ್32_ಟಿ, ಆಮೇಲೆ ಒಂದು ಇಂಟ್64_ಟಿ ಇರುವ ಸ್ಟ್ರಕ್ಟ್ 32 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ 12 ಬೈಟ್. 32 ಬಿಟ್ ಪೈ ಮೇಲೆ 16. ಎರಡೂ 32 ಬಿಟ್ಟೇ, ಆದರೂ ಒಂದರ ಫೈಲ್ ಇನ್ನೊಂದು ಓದದು. ಫೀಲ್ಡ್ ಫೀಲ್ಡ್ ಆಗಿ ಬರೆಯಿರಿ.

ವಿಂಡೋಸ್

ಇದರ ಬಗ್ಗೆ ಜಾಸ್ತಿ ಹೇಳಲ್ಲ. ಸೀರಿಯಲ್ ಪೋರ್ಟ್ ತೆರೆಯುವ ಕೋಡು ಲಿನಕ್ಸಿಗೂ ವಿಂಡೋಸಿಗೂ ಪೂರ್ತಿ ಬೇರೆ. ಒಂದೇ ಫಂಕ್ಷನಿನಲ್ಲಿ ಹತ್ತು ‘ಇಫ್‌ಡೆಫ್’ ತುರುಕುವ ಬದಲು ಎರಡು ಫೈಲ್ ಮಾಡಿ, ಒಳಗಿನ ಹೆಡರ್ ಒಂದೇ ಇರಲಿ. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ‘ಯೂನಿಸ್ಟ್‌ಡಿ’ ಹೆಡರ್ ಇಲ್ಲ, ‘ಎಸ್‌ಸೈಜ್_ಟಿ’ ಇಲ್ಲ, ‘ಸ್ಟ್ರ್‌ಕೇಸ್‌ಸಿಎಂಪಿ’ಗೆ ಅಲ್ಲಿ ‘_ಸ್ಟ್ರ್‌ಐಸಿಎಂಪಿ’. ಫೈಲ್ ತೆರೆಯುವಾಗ ‘ಆರ್‌ಬಿ’ ಅಂತ ಬಿ ಹಾಕಲೇಬೇಕು, ಇಲ್ಲದಿದ್ದರೆ ಹೆಕ್ಸ್ 1ಎ ಬೈಟ್ ಸಿಕ್ಕಿದ ಕೂಡಲೇ ಫೈಲ್ ಮುಗಿಯಿತು ಅಂದುಕೊಳ್ಳುತ್ತೆ. ಮತ್ತೆ, ಲೈಬ್ರರಿ ಒಳಗೆ ಮ್ಯಾಲಕ್ ಮಾಡಿದ್ದನ್ನು ಪ್ರೋಗ್ರಾಂ ಕೈಯಲ್ಲಿ ಫ್ರೀ ಮಾಡಿಸಬೇಡಿ. ಎರಡೂ ಬೇರೆ ಬೇರೆ ರನ್‌ಟೈಮ್ ಹಿಡಿದಿರಬಹುದು. ಬಿಡಿಸಲು ನಿಮ್ಮದೇ ಒಂದು ಫಂಕ್ಷನ್ ಕೊಡಿ.

ನಿಮ್ಮದಲ್ಲದ ಹೆಡರುಗಳು ಕೊಡುವ ವಾರ್ನಿಂಗಿಗೆ ತಲೆ ಕೆಡಿಸಿಕೊಳ್ಳಬೇಡಿ, ಅವುಗಳ ಫೋಲ್ಡರನ್ನು ‘ಐಸಿಸ್ಟಮ್’ ಅಂತ ಕೊಟ್ಟರೆ ಜಿಸಿಸಿ ಸುಮ್ಮನಾಗುತ್ತೆ.

ಈಗ ಹೆಡರ್

ಒಳಗಿನದ್ದೆಲ್ಲ ಮುಗಿದ ಮೇಲೆ ಮಿಕ್ಕುವುದು ಹೆಡರಿನಿಂದಲೇ ಬರುವ ನಾಲ್ಕೈದು. ಊರಿನ ಹೆಸರಿನ 32 ಬೈಟ್, ಮೊತ್ತದ ಲಾಂಗ್, ಉದ್ದಕ್ಕೆ ಇಂಟ್ ಕೇಳುವ ಫಂಕ್ಷನ್.

ಕೆಲವನ್ನು ಧೈರ್ಯವಾಗಿ ಮಾಡಬಹುದು. ಆರ್ಗ್ಯುಮೆಂಟಿನ ‘ಚಾರ್ *’ ಅನ್ನು ‘ಕಾನ್‌ಸ್ಟ್ ಚಾರ್ *’ ಮಾಡಿದರೆ ಹಳೇ ಪ್ರೋಗ್ರಾಂ ಹಾಗೇ ಓಡುತ್ತೆ. ಹೊಸ ಫಂಕ್ಷನ್ ಸೇರಿಸಿದರೂ ತೊಂದರೆ ಇಲ್ಲ. ಎನಮ್ಮಿನ ಕೊನೆಗೆ ಹೊಸ ಹೆಸರು ಸೇರಿಸಬಹುದು, ನಡುವೆ ತುರುಕಿದರೆ ಮುಂದಿನವುಗಳ ಬೆಲೆಯೆಲ್ಲ ಜರುಗುತ್ತೆ.

ಮಾಡಬಾರದ್ದು: ಸ್ಟ್ರಕ್ಟಿನ ಅಳತೆ ಬದಲಿಸುವುದು, ಆರ್ಗ್ಯುಮೆಂಟಿನ ಥರ ಬದಲಿಸುವುದು. ಊರಿನ ಹೆಸರನ್ನು 32ರಿಂದ 96 ಮಾಡಿದಿರಿ, ಮಂಡಿಯ ಹಳೇ ಪ್ರೋಗ್ರಾಂ ತನ್ನ ಸ್ಟ್ಯಾಕಿನಲ್ಲಿ ಹಳೇ ಅಳತೆಯಷ್ಟೇ ಜಾಗ ಬಿಟ್ಟಿದೆ, ಹೊಸ ಲೈಬ್ರರಿ ಅದರಾಚೆಗೂ ಬರೆಯುತ್ತೆ. ಯಾವ ವಾರ್ನಿಂಗೂ ಬರಲ್ಲ, ಯಾಕೆಂದರೆ ಯಾರೂ ಏನನ್ನೂ ಕಂಪೈಲ್ ಮಾಡಿಲ್ಲ.

ಇಲ್ಲಿ ಎರಡು ದಾರಿ. ಒಂದು, ಹಳೇ ಸ್ಟ್ರಕ್ಟ್, ಹಳೇ ಫಂಕ್ಷನ್ ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಹೆಸರಿನ ಫಂಕ್ಷನ್ ಕೊಡುವುದು. ಬಫರಿನ ಅಳತೆಯನ್ನು ಕರೆಯುವವರೇ ಹೇಳುವಂತೆ ಮಾಡಿ, ಹಳೆಯದಕ್ಕೆ ‘ಡೆಪ್ರಿಕೇಟೆಡ್’ ಗುರುತು ಹಾಕಿ. ಸಣ್ಣ ಬದಲಾವಣೆಗೆ ಇದೇ ಒಳ್ಳೆಯದು. ಎರಡು, ಒಂದೇ ಸಲ ಎಲ್ಲ ಸರಿಮಾಡಿ ಸೋನೇಮ್ (ಪ್ರೋಗ್ರಾಂ ಹುಡುಕುವ ಲೈಬ್ರರಿಯ ಹೆಸರು) ಏರಿಸುವುದು: ‘ಲಿಬ್‌ತೂಕ.ಎಸ್‌ಓ.1’ ಇದ್ದದ್ದು ‘ಲಿಬ್‌ತೂಕ.ಎಸ್‌ಓ.2’ ಆಗುತ್ತೆ. ಹಳೇ ಪ್ರೋಗ್ರಾಂ ಹಳೆಯದನ್ನೇ ಹುಡುಕುತ್ತೆ, ಹೊಸದಕ್ಕೆ ತಪ್ಪಿಯೂ ಅಂಟಿಕೊಳ್ಳಲ್ಲ. ಎರಡನೇ ದಾರಿ ಹಿಡಿದರೆ ಅದೇ ಏಟಿಗೆ ಸ್ಟ್ರಕ್ಟಿನ ಒಳಗನ್ನು ಹೆಡರಿನಿಂದ ತೆಗೆದು, ಬರೀ ಹೆಸರು ಮಾತ್ರ ಹೊರಗೆ ಬಿಡಿ. ಒಳಗಿನದ್ದನ್ನು ಓದಲು, ಬರೆಯಲು ಫಂಕ್ಷನ್ ಕೊಡಿ. ಇನ್ನು ಮುಂದೆ ಅಳತೆ ಬದಲಿಸಿದರೆ ಯಾರೂ ಕೇಳಲ್ಲ. ‘ಎಫ್-ವಿಸಿಬಿಲಿಟಿ=ಹಿಡನ್’ ಕೂಡ ಹಾಕಿ, ಹೊರಗೆ ಬೇಕಾದ ಫಂಕ್ಷನುಗಳಿಗೆ ಮಾತ್ರ ಎಕ್ಸ್‌ಪೋರ್ಟ್ ಗುರುತಿರಲಿ. ಒಳಗಿನ ಸಹಾಯಕ ಫಂಕ್ಷನುಗಳು ಹೊರಗೆ ಕಂಡರೆ ಯಾರಾದರೂ ಒಬ್ಬರು ಬಳಸಿಯೇ ಬಳಸುತ್ತಾರೆ, ಆಮೇಲೆ ಅದನ್ನೂ ಬದಲಿಸುವ ಹಾಗಿಲ್ಲ.

ಏನು ಬದಲಾಯಿತು ಅಂತ ಕಣ್ಣಂದಾಜಿನಲ್ಲಿ ಹೇಳಬೇಡಿ. ಲಿಬ್‌ಅಬಿಗೇಲ್‌ನ ‘ಅಬಿಡಿಫ್’ಗೆ ಮೊದಲು ಎತ್ತಿಟ್ಟ ಹಳೇ ಫೈಲನ್ನೂ ಹೊಸದನ್ನೂ ಕೊಡಿ. ಯಾವ ಸ್ಟ್ರಕ್ಟ್ ಎಷ್ಟು ಬಿಟ್ ಬೆಳೆಯಿತು, ಯಾವ ಫೀಲ್ಡ್ ಎಲ್ಲಿಗೆ ಜರುಗಿತು, ಎಲ್ಲ ಹೇಳುತ್ತೆ.

ಬೇರೆ ಮೆಷೀನ್ ಇಲ್ಲದೆ ಪರೀಕ್ಷೆ

ಲ್ಯಾಪ್‌ಟಾಪಿನಲ್ಲೇ ಬಹಳಷ್ಟು ಆಗುತ್ತೆ. ‘ಎಂ32’ ಹಾಕಿದರೆ 32 ಬಿಟ್ ಬಿಲ್ಡ್, ಅದಕ್ಕೆ ಜಿಸಿಸಿ ಮಲ್ಟಿಲಿಬ್ ಪ್ಯಾಕೇಜ್ ಬೇಕು. ‘ಎಫ್‌ಸ್ಯಾನಿಟೈಜ್’ಗೆ ಅಡ್ರೆಸ್, ಅನ್‌ಡಿಫೈನ್ಡ್ ಎರಡನ್ನೂ ಕೊಟ್ಟು ಟೆಸ್ಟುಗಳನ್ನು ಓಡಿಸಿ, ಕಂಪೈಲರಿಗೆ ಕಾಣದ ತಪ್ಪು ಓಡುವಾಗ ಸಿಗುತ್ತೆ. ಚಿಕ್ಕಬಳ್ಳಾಪುರ, ಗೌರಿಬಿದನೂರು ಟೆಸ್ಟಿನಲ್ಲಿ ಇರಲೇಬೇಕು. ಬೇರೆ ಚಿಪ್ಪನ್ನು ಅನುಕರಿಸುವ ಕ್ಯೂಇಎಂಯುವಿನ ಯೂಸರ್ ಮೋಡಿನಲ್ಲಿ ಆರ್ಮ್ ಬಿಲ್ಡ್ ಅನ್ನು ನೇರವಾಗಿ ಓಡಿಸಬಹುದು. ಬೈಟ್ ಕ್ರಮ ತಿರುಗಿರುವ ಮೆಷೀನ್ ಬೇಕೆಂದರೆ ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್‌ಗೆ ಕ್ರಾಸ್ ಕಂಪೈಲರ್ ಹಾಕಿಕೊಂಡು ಅದೇ ರೀತಿ ಓಡಿಸಿ. ಕೋಲಾರದಲ್ಲಿ ಆ ಮೇನ್‌ಫ್ರೇಮ್ ಯಾರ ಹತ್ತಿರವೂ ಇರಲಿಕ್ಕಿಲ್ಲ, ಆದರೆ ಬೈಟ್ ಓದುವ ಕೋಡು ಅದರಲ್ಲೂ ಪಾಸಾದರೆ ಬೈಟ್ ಕ್ರಮದ ಚಿಂತೆ ಬಿಡಬಹುದು. ವಿಂಡೋಸಿಗೆ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64 ಇದೆ, ಉಬುಂಟುವಿನಲ್ಲೇ ಕಂಪೈಲ್ ಆಗುತ್ತೆ.

ಕಮಿಟ್ ಮಾಡುವಾಗ ಒಂದು ಥರದ ವಾರ್ನಿಂಗಿಗೆ ಒಂದು ಕಮಿಟ್. ನಡುವೆ ಇಂಡೆಂಟ್ ಸರಿಮಾಡುವ ಚಪಲ ಬೇಡ. ಯಾವ ಸಾಲಿನಿಂದ ಚೀಟಿ ಕೆಟ್ಟಿತು ಅಂತ ‘ಗಿಟ್ ಬೈಸೆಕ್ಟ್’ ಹಾಕಿದಾಗ ಐನೂರು ಸಾಲಿನ ಇಂಡೆಂಟ್ ಕಮಿಟ್ ಬಂದರೆ ಕೂದಲು ಕಿತ್ತುಕೊಳ್ಳಬೇಕಾಗುತ್ತೆ.

ಕೂರಿಸುವಾಗ, ಮಂಡಿಯಲ್ಲಿ ಮಾಲು ಜೋರಾಗಿ ಬರುವ ತಿಂಗಳು ಬಿಟ್ಟುಬಿಡಿ. ಡೇರಿಯ ಪೈ ಮೇಲೆ .1 ಮತ್ತು .2 ಎರಡನ್ನೂ ಪಕ್ಕಪಕ್ಕ ಇಡಿ. ಒಂದೊಂದೇ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಿ .2ಕ್ಕೆ ತನ್ನಿ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ‘ಎಲ್‌ಡಿಡಿ’ ಕೊಟ್ಟು ನೋಡಿ. ವಿಂಡೋಸ್‌ನಲ್ಲಿ ಸೋನೇಮ್ ಅನ್ನುವುದು ಇಲ್ಲ, ಆದ್ದರಿಂದ ಡಿಎಲ್‌ಎಲ್ ಫೈಲಿನ ಹೆಸರಲ್ಲೇ 2 ಅಂತ ಸೇರಿಸಿ. .1 ಅನ್ನು ಯಾರೂ ಬಳಸುತ್ತಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಅಳಿಸಿ.